ಬಿಸಿ ತಿಳಿಯದ ಬೆರಳು

ರೋಗಿಯ ಹೊಟ್ಟೆ ಮುಟ್ಟುವ ಮೊದಲು ಅವರು ಬಿಸಿನೀರು ತುಂಬಿದ ಸ್ಟೀಲ್ ಲೋಟವನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುತ್ತಿದ್ದರು. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ, ಆಮೇಲೆ ಒಳಗಿರುವುದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಗಿಡ್ಡ ಬೆರಳುಗಳು, ತೀರಾ ಮೊಟಕಾಗಿ ಕತ್ತರಿಸಿದ ಉಗುರು. ಒತ್ತಿ ನೋಡುವಾಗ ಕಣ್ಣು ಮುಚ್ಚಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿರುತ್ತಿದ್ದರು.

ಉದ್ಯಾವರದ ಅವರ ಕ್ಲಿನಿಕ್ಕಿನ ಪಕ್ಕದ ಕೋಣೆಯ ಲ್ಯಾಬಿನಲ್ಲಿ ನನಗೆ ಕೆಲಸ. ಎಲ್ಲರಿಗೂ ಅವರು ಡಾಕ್ಟ್ರಮ್ಮ. ಸಂಜೆ ಅದೇ ಕುರ್ಚಿಯಲ್ಲಿ ಮಣಿಪಾಲದಲ್ಲಿ ಓದಿ ಬಂದ ಸಣ್ಣ ಡಾಕ್ಟ್ರು ಕೂರುತ್ತಿದ್ದರು. ಲೆಕ್ಕ ಬರೆದಿಡುವುದು ನನ್ನ ಅಭ್ಯಾಸ. ಯಾರಿಂದ ಎಷ್ಟು ಪರೀಕ್ಷೆಯ ಚೀಟಿ ಬಂತೆಂದು ದಿನವೂ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಸಣ್ಣ ಡಾಕ್ಟ್ರ ಹೆಸರಿನೆದುರು ಗೀಟುಗಳ ಸಾಲು. ಡಾಕ್ಟ್ರಮ್ಮನ ಹೆಸರಿನೆದುರು ಕೆಲವು ದಿನ ಒಂದೂ ಇಲ್ಲ.

"ಒಂದೇ ಜ್ವರಕ್ಕೆ ಅವರು ನಾಲ್ಕು ಬರೆಯುತ್ತಾರೆ, ನೀವು ಒಂದೂ ಇಲ್ಲ. ಯಾಕೆ?" ಎಂದು ಕೇಳಿದ್ದೆ.

"ಮುಟ್ಟಿ ತಿಳಿಯುವ ಕೈ ಅವನಿಗೆ ಇನ್ನೂ ಬಂದಿಲ್ಲ ಮಾರಾಯ್ತಿ. ಬರುವವರೆಗೆ ಬರೆಯಲಿ. ಕೈ ಬಾರದೆ ಧೈರ್ಯ ಮಾಡುವವನಿಗೆ ಹೆದರಬೇಕು."

ಮಾರ್ಚ್‌ನಲ್ಲಿ ಅವರ ಚೀಟಿಗಳೂ ಹೆಚ್ಚತೊಡಗಿದವು. ಏಪ್ರಿಲ್ ಮುಗಿಯುವಾಗ ಸಣ್ಣ ಡಾಕ್ಟ್ರನ್ನು ಮೀರಿಸಿದ್ದರು. ಕಾಪುವಿನ ಮೀನು ಮಾರುವ ಹೆಂಗಸೊಬ್ಬಳು ಚೀಟಿ ಹಿಡಿದು ಎಲ್ಲರೆದುರೇ ಕೇಳಿದಳು: "ಇಷ್ಟು ವರ್ಷ ನಿಮ್ಮ ಕೈಯೇ ಸ್ಕ್ಯಾನಿಂಗ್ ಆಗಿತ್ತಲ್ವಾ ಡಾಕ್ಟ್ರಮ್ಮ? ಈಗ ಎಂತ, ಕಮಿಷನ್ ಬರ್ತದಾ?"

ಕಾದು ಕುಳಿತವರು ನಕ್ಕರು. ಮಾತಿಗೆ ಮಾತು ಕೊಡದೆ ಬಿಡದ ಡಾಕ್ಟ್ರಮ್ಮ ಅಂದು "ಮಾಡಿಸಿಕೊಂಡು ಬಾ" ಎಂದಷ್ಟೇ ಹೇಳಿದರು.

ಮೇ ತಿಂಗಳ ಒಂದು ಬೆಳಿಗ್ಗೆ ರಿಪೋರ್ಟ್ ಕೊಡಲು ಒಳಗೆ ಹೋದೆ. ಆಗಷ್ಟೇ ಕುದಿದ ನೀರಿನ ಲೋಟ ಅವರ ಕೈಗಳ ನಡುವೆ ಹಬೆಯಾಡುತ್ತಿತ್ತು. ಅವರು ಸುಮ್ಮನೆ ಹಿಡಿದೇ ಕುಳಿತಿದ್ದರು. ನಾನು ಕಿತ್ತು ಕೆಳಗಿಟ್ಟೆ. ನನ್ನ ಬೆರಳು ಸುಟ್ಟಿತು. ಅವರ ಅಂಗೈ ಕೆಂಪಾಗಿತ್ತು. ತೋರುಬೆರಳಿನಲ್ಲಿ ಹಿಂದೆಂದೋ ಎದ್ದ ಬೊಬ್ಬೆ ಒಡೆದಿತ್ತು.

"ಬಿಸಿ ಉಂಟಾ?" ಎಂದು ಕೇಳಿದರು.

ನನ್ನ ಸುಟ್ಟ ಬೆರಳನ್ನು ತೋರಿಸಿದೆ.

"ಶುಗರ್. ಕಾಲು ಮೊದಲೇ ಮರಗಟ್ಟಿತ್ತು, ಈಗ ಬೆರಳು. ಮುಟ್ಟಿದರೆ ಎಲ್ಲರ ಹೊಟ್ಟೆಯೂ ಒಂದೇ ಹಾಗೆ. ಅದಕ್ಕೇ ಬರೆಯುವುದು." ಬಾಗಿಲು ಮುಚ್ಚಲು ಹೇಳಿದರು. "ನೀನು ಗೀಟು ಹಾಕುವವಳಲ್ವಾ? ನನ್ನ ಚೀಟಿ ಯಾವಾಗಿನಿಂದ ಜಾಸ್ತಿ ಆಯ್ತು?"

"ಮಾರ್ಚ್‌ನಿಂದ."

"ಬರೆಯಲು ಶುರು ಮಾಡಿದ್ದು ನನಗೆ ಗೊತ್ತಾದ ಮೇಲೆ. ಬೆರಳು ಸತ್ತದ್ದು ಅದಕ್ಕೂ ಮೊದಲು. ಜನವರಿ, ಫೆಬ್ರವರಿಯಲ್ಲಿ ಒತ್ತಿ ನೋಡಿ 'ಎಂತ ಇಲ್ಲ, ಹೋಗು' ಎಂದು ಕಳಿಸಿದವರನ್ನೆಲ್ಲ ಕರೆಸಬೇಕು."

ನೆನಪಿನಿಂದಲೇ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಕಡಿಯಾಳಿಯ ಟೈಲರ್. ಕೆಮ್ಮಣ್ಣು ಊರಿನ ಅಜ್ಜಿ. ಮುಂದಿನ ಹೆಸರಿಗೆ ತಡೆದು ನನ್ನ ಮುಖ ನೋಡಿದರು. ನನ್ನ ಪೆನ್ನೂ ನಿಂತಿತು. ಕೆಳಹೊಟ್ಟೆ ಭಾರ ಎನ್ನುತ್ತಿದ್ದ ಅಮ್ಮನನ್ನು ಫೆಬ್ರವರಿಯಲ್ಲಿ ಅಲ್ಲಿಗೆ ಕರೆತಂದವಳು ನಾನೇ.

ಅಮ್ಮ ಒಪ್ಪಲಿಲ್ಲ. "ಡಾಕ್ಟ್ರಮ್ಮನೇ ಎಂತ ಇಲ್ಲ ಅಂದಿದ್ದಾರಲ್ಲ, ಇನ್ನೆಂತ ಸ್ಕ್ಯಾನಿಂಗ್?"

ಸಂಜೆ ಡಾಕ್ಟ್ರಮ್ಮ ರಿಕ್ಷಾ ಮಾಡಿಕೊಂಡು ನಮ್ಮ ಮನೆಗೇ ಬಂದರು. ಜಗಲಿಯಲ್ಲಿ ಕೂರುವ ಮೊದಲೇ ಬೊಬ್ಬೆಯೊಡೆದ ಬೆರಳನ್ನು ಅಮ್ಮನ ಮುಂದೆ ಹಿಡಿದರು. "ನಿನ್ನನ್ನು ನೋಡಿದ್ದು ಈ ಕೈ. ಇದರ ಮಾತು ನಂಬಬೇಡ."

ಉಡುಪಿಯ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಗಡ್ಡೆ ಕಂಡಿತು. ಆಪರೇಷನ್ ಆಯಿತು, ಅಮ್ಮ ಈಗಲೂ ನಮ್ಮೊಡನಿದ್ದಾಳೆ. ಟೈಲರಿಗೆ ಏನೂ ಇರಲಿಲ್ಲ. ಕೆಮ್ಮಣ್ಣಿಗೆ ಫೋನ್ ಮಾಡಿದಾಗ ಮಗ ಎತ್ತಿದ. ಅಜ್ಜಿ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಯಾವುದರಿಂದ ಎಂದು ಅವನಿಗೂ ತಿಳಿದಿರಲಿಲ್ಲ. ಹೊಟ್ಟೆನೋವು ಮಾತ್ರ ನಿಂತಿರಲಿಲ್ಲವಂತೆ. ನಾನು ಅದನ್ನು ಹೇಳಿದ ದಿನವೇ ಡಾಕ್ಟ್ರಮ್ಮ ತಮ್ಮ ಹೆಸರಿನ ಬೋರ್ಡು ಇಳಿಸಿದರು. ಕಾರ್ಕಳದ ತಂಗಿಯ ಮನೆ ಸೇರಿದವರು ಕಾಲಿನ ಹುಣ್ಣು ಮಾಯದೆ ಮರುವರ್ಷ ತೀರಿಹೋದರು.

ಈಗ ಸಣ್ಣ ಡಾಕ್ಟ್ರಿಗೆ ಕೈ ಬರುತ್ತಿದೆಯಂತೆ. ಚೀಟಿಗಳು ಕಡಿಮೆಯಾಗಿವೆ, ಜನಕ್ಕೆ ಸಂತೋಷ. ಅವರೂ ಲೋಟ ಹಿಡಿಯುವ ಅಭ್ಯಾಸ ಮಾಡಿಕೊಂಡಿದ್ದಾರೆ. ನೀರು ಕಾಯಿಸಿ ಕೊಡುವವಳು ನಾನು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಕಾಯಿಸುತ್ತೇನೆ. ಅವರು "ಅಯ್ಯೋ" ಎಂದು ಲೋಟ ಕೆಳಗಿಡುವವರೆಗೆ ಬಾಗಿಲಿನಿಂದ ಕದಲುವುದಿಲ್ಲ.