ಅಟ್ಟದ ಗುಬ್ಬಿ ಜೋಡಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಕೊಬ್ಬರಿ ಅಟ್ಟಕ್ಕೆ ಹತ್ತುವವಳು ನಾನೊಬ್ಬಳೇ. ವರ್ಷದಿಂದ ಒಣಗುತ್ತಿರುವ ಕಾಯಿರಾಶಿಯ ಮೇಲೆ, ತೊಲೆಯ ಸಂದಿನಲ್ಲಿ, ಗುಬ್ಬಿ ಜೋಡಿಯೊಂದು ಗೂಡು ಕಟ್ಟಿದೆ. ಕಾಯಿ ಸುಲಿಯುವವರು ಬಂದಾಗ, ಮರಿ ಹಾರಲಿ ಎಂದು ವಾಪಸು ಕಳಿಸಿದೆ. ಯಜಮಾನರಿದ್ದಾಗ ಅವರೂ ಹಾಗೇ ಮಾಡುತ್ತಿದ್ದರು.

ನಮಗೆ ಮಕ್ಕಳಾಗಲಿಲ್ಲ. ಆ ಕಾಲದಲ್ಲಿ ನೊಣವಿನಕೆರೆಯಿಂದ ಅವರ ಅಕ್ಕ ಬಂದಾಗಲೆಲ್ಲ ಒಂದೇ ಮಾತು.

"ಇನ್ನೊಂದ್ ಮದ್ವೆ ಆಗೋ. ತ್ವಾಟುಕ್ಕೆ ಒಂದು ಕೂಸು ಬ್ಯಾಡ್ವಾ?"

ಇವರು ಅಟ್ಟದ ಕಡೆ ಕೈ ತೋರಿಸುತ್ತಿದ್ದರು. "ಗುಬ್ಬಿ ನೋಡಕ್ಕ, ಒಂದುಕ್ಕೊಂದು. ಅದುಕ್ಕಿರೋ ನಿಯತ್ತು ನಂಗಿರ್ಬಾರ್ದಾ? ಬುಡು, ಕಾಫಿ ಕುಡಿ."

ನಾನು ಒಲೆಯ ಮುಂದೆ ಕೂತು ಆ ಮಾತಿಗಾಗಿಯೇ ಕಾಯುತ್ತಿದ್ದೆ. ಅದು ಬಂದ ಮೇಲೆಯೇ ಕಾಫಿ ಸೋಸುತ್ತಿದ್ದದ್ದು.

ಮೊನ್ನೆ ತಂಗಿಯ ಮಗಳು ಬಂದಿದ್ದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಏಣಿ ಹತ್ತಿಸಿ ಗೂಡು ತೋರಿಸಿದೆ, ಅವಳ ದೊಡ್ಡಪ್ಪನ ಮಾತನ್ನೂ ಹೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯೋ ದೊಡ್ಡಮ್ಮ, ಗೂಡು ಕಟ್ಟೋದು ಜೋಡಿ, ಮರಿ ಸಾಕೋದು ಜೋಡಿ, ಅಷ್ಟೇ. ಮರಿಗಳ ರಕ್ತ ತಗೊಂಡು ಡಿಎನ್‌ಎ ನೋಡಿದ್ರೆ, ಎಷ್ಟೋ ಗೂಡಲ್ಲಿ ಬೇರೆ ಗಂಡಿನ ಮರೀನೂ ಇರುತ್ತೆ. ಈ ಗಂಡೂ ಪಕ್ಕದ ಗೂಡಿಗೆ ಹೋಗಿರುತ್ತೆ."

"ಥೂ, ಸುಮ್ನಿರೇ! ಗುಬ್ಬಿ ಕಣೇ ಇದು."

"ಗುಬ್ಬೀದೇ ಹೇಳ್ತಿರೋದು. ಹಾಡೋ ಹಕ್ಕಿ ಸುಮಾರು ಹಿಂಗೇ ಕಣ್ ದೊಡ್ಡಮ್ಮ."

ಯಜಮಾನರು ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದನ್ನು ಯಾರೂ ಹೇಳಿರಲಿಲ್ಲ. ಗುಬ್ಬಿಯ ನಿಯತ್ತೇ ಇಲ್ಲವಾದರೆ, ಅದನ್ನು ತೋರಿಸಿ ಆಡಿದ ಅವರ ಮಾತು ಏನಾಯಿತು? ಕೇಳೋಣವೆಂದರೆ ಅವರಿಲ್ಲ.

ಹುಡುಗಿ ಹೋದ ಮೇಲೆ ಮತ್ತೆ ಹತ್ತಿದೆ. ಗಂಡು ಗುಬ್ಬಿ ಹುಳ ಕಚ್ಚಿಕೊಂಡು ಬಂತು. ಬಾಯಿ ತೆರೆದ ಮರಿಗಳಿಗೆ ಒಂದಾದ ಮೇಲೊಂದಕ್ಕೆ ತುರುಕಿ, ಮತ್ತೆ ಹಾರಿತು. ಯಾವುದು ಅದರದ್ದು, ಯಾವುದು ಅಲ್ಲ? ನೋಡುತ್ತಾ ನಿಂತವಳಿಗೆ ಒಮ್ಮೆಗೇ ಹೊಳೆಯಿತು. ಇವರು ಗುಬ್ಬಿಯನ್ನು ನೋಡಿ ಕಲಿತದ್ದೇನೂ ಇರಲಿಲ್ಲ. ಅಕ್ಕನ ಬಾಯಿ ಮುಚ್ಚಿಸಲು ಕಣ್ಣಿಗೆ ಬಿದ್ದದ್ದನ್ನು ತೋರಿಸಿದ್ದರು. ಇಷ್ಟು ವರ್ಷ ನಾನು ಕೈ ಮುಗಿದದ್ದು ಗುಬ್ಬಿಗೆ. ನನ್ನನ್ನು ಬಿಡದೆ ಇದ್ದವರು ಇವರು.

ಕೆಳಗೆ ಫೋನು ಹೊಡೆದುಕೊಂಡಿತು. ಇಳಿದು ಎತ್ತಿದೆ. ಕಾಯಿ ಸುಲಿಯುವವನು.

"ಮರಿ ಹಾರುದ್ವಾ ಅಮ್ಮಾ?"

"ಇನ್ನೂ ಇಲ್ಲ ಕಣಪ್ಪ," ಎಂದೆ.