ಮಾವನಿಗೆ ಮುಟ್ಟಿಸದ ಮಾತು

ಸುಜಾತಾ, ಮಹಾದೇವನ ಬಲಗೈ ಹೋದದ್ದು ನಿನ್ನ ತಪ್ಪಿನಿಂದಲ್ಲ, ನನ್ನಿಂದ. ನೀನು ಹೇಳಿದ ಮಾತನ್ನು ನಿನ್ನ ಮಾವನಿಗೆ ಮುಟ್ಟಿಸಲಿಲ್ಲ ನಾನು. ತಪ್ಪನ್ನು ಸೊಸೆಯಾದ ನಿನ್ನ ತಲೆಗೆ ಕಟ್ಟಿ ಇಷ್ಟು ವರ್ಷ ಸುಮ್ಮನೆ ಕೂತೆ.

ಅಂದು ದಸರೆ. ಸಾಂಗಲಿಯ ನಮ್ಮ ಗಿರಣಿಯಲ್ಲಿ ಅರಿಷಿಣ ಪಾಲಿಶ್ ಮಾಡುವ ಹೊಸ ಡ್ರಮ್ಮು ತಿರುಗಿಸಲು ಮಠದ ಅಯ್ಯನವರು ಮುಹೂರ್ತ ಕೊಟ್ಟಿದ್ದರು. ಅದನ್ನು ನಡೆಸುವ ಕಂಪ್ಯೂಟರಿನ ಒಳಗಿನದೆಲ್ಲ ಬರೆದವಳು ನೀನು. ಮುಂಜಾನೆ ಮಿರಜಿನ ಮನೆಯಲ್ಲಿ, ನಾನಿದ್ದ ಒಲೆಯ ಹತ್ತಿರ ಬಂದು ನೀನು ಅಂದೆ —

"ಅತ್ತಿ, ಇವತ್ತ ಡ್ರಮ್ ಚಾಲೂ ಮಾಡಬ್ಯಾಡ್ರಿ ಅಂತ ಮಾವಾರಿಗೆ ಹೇಳ್ರಿ. ಬಂದ್ ಬಟನ್ ಒತ್ತಿದ್ರ ಮ್ಯಾಲಿನ ಪ್ರೋಗ್ರಾಮಿಗೆ ಸಾಯೋ ಸಿಗ್ನಲ್ ಹೋಗ್ತದ, ಅದು ಸಾಯ್ತದ. ಆದ್ರ ಒಳಗ, ಕಂಪ್ಯೂಟರಿನ ತಿರುಳು ಕರ್ನಲ್‌ನ್ಯಾಗ, ಆ ಪ್ರೋಗ್ರಾಮಿನ ಸಲುವಾಗಿ ದುಡಿಯೋ ವರ್ಕರ್ ಥ್ರೆಡ್ ಅನ್ನೋ ಆಳು ಆ ಸಿಗ್ನಲ್ ನೋಡೂದ ಇಲ್ಲ. ಮೋಟಾರ್ ಹಿಡಕೊಂಡ ಕುಂತಿರ್ತದ, ಡ್ರಮ್ ನಿಲ್ಲಂಗಿಲ್ಲ."

"ಎಷ್ಟ ಕರದ್ರೂ ಊಟಕ್ಕ ಏಳಂಗಿಲ್ಲ, ನಿಮ್ಮ ಮಾವಾರಂಗ ಅನ್ನು!"

"ನಗಬ್ಯಾಡ್ರಿ ಅತ್ತಿ. ನಡುನಡುವ ಸಿಗ್ನಲ್ ಬಂತೇನು ಅಂತ ನೋಡಿ, ಮೋಟಾರ್ ಬಿಟ್ಟು ತಾನೂ ಮುಗೀಬೇಕದು. ಸಂಜೀ ಒಳಗ ಸರಿ ಮಾಡ್ತೀನಿ."

ನಮ್ಮ ಮನೆಯಲ್ಲಿ ಸೊಸೆ ಮಾವನೊಡನೆ ನೇರ ಮಾತಾಡುವುದಿಲ್ಲ, ಫೋನಿನಲ್ಲೂ ಇಲ್ಲ. ಎಲ್ಲ ಅತ್ತೆಯ ಬಾಯಿಂದಲೇ ಹೋಗಬೇಕು. ನೀನು ನನ್ನನ್ನು ನಂಬಿ, ಅದನ್ನು ಸರಿಮಾಡಲು ಮಾಳಿಗೆ ಹತ್ತಿದೆ. ನಾನು — ಮುಹೂರ್ತ ತಪ್ಪಿದರೆ ಕೇಡು ಅಂದುಕೊಂಡೆ. ಇಲ್ಲ, ಅಷ್ಟೇ ಅಲ್ಲ. ನಿನ್ನೆ ಮೊನ್ನೆ ಬಂದ ಸೊಸೆಯ ಮಾತಿಗೆ ದೇವರ ಗಳಿಗೆ ನಿಲ್ಲಬೇಕೇ ಎಂಬ ಉರಿ... ಗಿರಣಿಗೆ ಹೋಗಿ ಕಾಯಿ ಒಡೆದೆ. "ಹಚ್ರಿ" ಅಂದೆ.

ಬೇಡಗ ಊರಿನ ಹಮಾಲ ಮಹಾದೇವ ಅರಿಷಿಣ ಸುರಿಯುತ್ತಿದ್ದ. ಅವನ ಟವೆಲ್ಲು ಡ್ರಮ್ಮು ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು, ಹಿಂದೆಯೇ ಕೈ. ನಿನ್ನ ಮಾವ ಬಟನ್ ಒತ್ತಿದರು. ಕಂಪ್ಯೂಟರಿನ ಪರದೆ ಕಪ್ಪಾಯಿತು — ಡ್ರಮ್ಮು ತಿರುಗುತ್ತಲೇ ಇತ್ತು. ಮತ್ತೆ ಗುದ್ದಿದರು. ಮೊಣಕೈ ಹಸಿ ಕಬ್ಬಿನಂತೆ ಲಟಕ್ಕೆಂದಿತು. "ಅವ್ವಾ, ಬಂದ್ ಮಾಡ್ರಿ!" — ನನ್ನನ್ನೇ ನೋಡಿ ಕಿರುಚಿದ. ಚರ್ಮ ಸುಲಿದು, ಎಲುಬು ಪುಡಿಯಾಗಿ, ಅರಿಷಿಣದ ಮೇಲೆ ರಕ್ತ ಚಿಮ್ಮಿತು. ನನ್ನ ಬಾಯಿಗೂ ಸಿಡಿಯಿತು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಎಳೆಯುವಷ್ಟರಲ್ಲಿ ತೋಳು ಭುಜದ ಹತ್ತಿರ ತುಂಡಾಗಿತ್ತು.

ಜೀವ ಉಳಿಯಿತು. ಶಿವ ಅಷ್ಟು ಕೊಟ್ಟ. ಆದರೆ ಮನೆಗೆ ಬಂದು ನಿನ್ನ ಮಾವ ಕೇಳಿದರು — "ಆ ಪ್ರೋಗ್ರಾಮ್ ಬರದಾಕಿ ಆಕಿ. ಗೊತ್ತಿರಲಿಲ್ಲೇನು? ನಿನಗೇನರ ಹೇಳಿದ್ಲೇನು?"

ನೀನು ಬಾಗಿಲ ಮರೆಯಿಂದ ನನ್ನ ಮುಖ ನೋಡುತ್ತಿದ್ದೆ.

"ನನಗೇನೂ ಹೇಳಿಲ್ಲರಿ."

ನೀನು ಹೊರಗೆ ಬರಲಿಲ್ಲ. ಅಂದಿನಿಂದ ಕಂಪ್ಯೂಟರ್ ಮುಟ್ಟಿಲ್ಲ. ಮಹಾದೇವನ ಹೆಂಡತಿ ಮನೆ ಮುಂದೆ ಬಂದು ನಿನಗೆ ಶಾಪ ಹಾಕಿದಾಗ ನೀನು ಒಳಗೆ ರೊಟ್ಟಿ ಬಡಿಯುತ್ತಲೇ ಇದ್ದೆ. ಪಕ್ಕದಲ್ಲಿ ನಾನೂ ಇದ್ದೆ — ಹೇಳಬಹುದಿತ್ತು, ಆಗಲೂ...

ಇಂದು ನಿನ್ನ ಮಾವನಿಗೆ ಹೇಳಿದ್ದೇನೆ. ನಾಳೆ ಬೇಡಗಕ್ಕೆ ಹೋಗುತ್ತೇನೆ. ಮಹಾದೇವನ ಎದುರು, ಅವನ ಹೆಂಡತಿಯ ಎದುರು ನನ್ನ ಹೆಸರು ಹೇಳುತ್ತೇನೆ. ಆಕೆ ಹೊಡೆದರೆ ಕೈ ಅಡ್ಡ ಹಿಡಿಯುವುದಿಲ್ಲ.