ಪ್ರೆಸ್ ಮಷೀನಿನ ಮಹಾರಾಜ

ಪುಣೆಯ ನಮ್ಮ ಕನ್ನಡ ನಾಟಕಗಳಲ್ಲಿ ರಾಜನೆಂದರೆ ಅವ್ವಣ್ಣನೇ. ವರ್ಷಕ್ಕೊಂದು ನಾಟಕ, ಮೂರು ತಾಸಿನ ಕಿರೀಟ. ಅದನ್ನು ಅವನು ವರ್ಷವಿಡೀ ಇಳಿಸುವುದಿಲ್ಲ. ಶಿವಾಜಿನಗರದಲ್ಲಿ ಬಸ್ಸಿಗೆ ಕಾಯುವಾಗಲೂ ಎಡಗೈ, ಸೊಂಟದಲ್ಲಿ ಇಲ್ಲದ ಕತ್ತಿಯ ಹಿಡಿಯ ಮೇಲಿರುತ್ತದೆ. ಬಸ್ಸು ಬಂದರೆ ರಥವೇರಿದಂತೆ ಏರುತ್ತಾನೆ; ಕಂಡಕ್ಟರ್ "ಚಲಾ ಕಾಕಾ, ಲವಕರ್!" ಎಂದು ಬೇಗ ಹತ್ತಲು ಗದರಿದರೆ, ಕ್ಷಮಿಸಿದೆ ಎಂಬಂತೆ ನಗುತ್ತಾನೆ. ಮಾತುಗಳನ್ನು ಬಾಯಿಪಾಠ ಮಾಡುವುದು ಭೋಸರಿಯ ಕಾರ್ಖಾನೆಯಲ್ಲಿ, ತಗಡು ಕತ್ತರಿಸುವ ಪ್ರೆಸ್ ಮಷೀನಿನ ಮುಂದೆ: ಒಂದು ಮಾತು, ಮಷೀನಿನ ಧಡ್, ಮತ್ತೊಂದು ಮಾತು. ಹೀಗಾಗಿ ರಂಗದ ಮೇಲೂ ಪ್ರತಿ ಮಾತಿನ ನಂತರ ಬಾರದ ಆ ಸದ್ದಿಗೆ ಕಾಯುವವನಂತೆ ನಿಂತುಬಿಡುತ್ತಾನೆ. ನೀಲಿ ಬೆಳಕಿನಲ್ಲಿ ಬಟ್ಟೆಯ ಅರಮನೆ ತೇಲುತ್ತದೆ, ಸಭೆ ಉಸಿರು ಹಿಡಿಯುತ್ತದೆ. "ಭಾಳ ಛಲೋ ಅಭಿನಯ ರೀ!" ಎನ್ನುತ್ತಾರೆ ಜನ. ಈ ಸಲ ನಾನು ಕೇಳಿಯೇಬಿಟ್ಟೆ: "ಅವ್ವಣ್ಣಾ, ಇಲ್ಲಿ ಮಷೀನ್ ಇಲ್ಲಲ್ಲೋ, ಯಾಕ ನಿಲ್ಲತಿ?" ಬಣ್ಣ ಒರೆಸಿಕೊಳ್ಳುತ್ತಿದ್ದ ರಾಜ ನಾಚಿಕೊಂಡ. "ಇಪ್ಪತ್ತು ವರ್ಸ ಆತ್ರಿ, ಅಲ್ಲಿ ನನ್ನ ದನಿ ನನಗ ಕೇಳಸಂಗಿಲ್ಲ. ಇಲ್ಲಿ ಒಂದು ಮಾತು ಆಡಿದ್ರ ಅದು ಗ್ವಾಡಿಗೆ ಬಡದು ಹೊಳ್ಳಿ ಬರತದರಿ. ಯಾರದಪ್ಪಾ ಈ ದನಿ ಅಂತ, ನಿಂತು ಕೇಳತೀನಿ."